ಮಂಡಿನೋವು ಮತ್ತು ಜೀವಕೋಶದ ಒಳಶುದ್ಧಿ

ಕಳೆದ ಶ್ರಾವಣ ಮಾಸದ ಒಂದು ಬುಧವಾರ, ಬಬ್ಬೂರಿನ ನಮ್ಮ ಚಿಕಿತ್ಸಾಲಯದ ಬಾಗಿಲು ತೆರೆಯುವ ಮುನ್ನವೇ 64 ವರ್ಷದ ತಾಯಿಯೊಬ್ಬರನ್ನು ಅವರ ಮಗ ಆಟೋದಲ್ಲಿ ಕರೆತಂದು ಕಾಯುತ್ತಿದ್ದರು. ತಾಯಿಯ ಮೈಯೆಲ್ಲ ತಣ್ಣನೆಯ ಬೆವರು, ಕೈಗಳಲ್ಲಿ ನಡುಕ, ಮಾತಿನಲ್ಲಿ ತೊದಲು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂದಿನಂತೆ ನುಂಗಿದ್ದರು. ಆದರೆ ಸೋಮವಾರದಿಂದ ನೀರಿನ ಹೊರತು ಬೇರೇನನ್ನೂ ಸೇವಿಸಿರಲಿಲ್ಲ. ರಕ್ತದ ಸಕ್ಕರೆ ತೀರಾ ಇಳಿದಿತ್ತು. ನುಂಗುವ ಶಕ್ತಿ ಇನ್ನೂ ಇದ್ದುದರಿಂದ ಸಕ್ಕರೆ ನೀರು ಕುಡಿಸಿ, ಕೂಡಲೇ ಹಿರಿಯೂರಿನ ಆಸ್ಪತ್ರೆಗೆ ಕಳುಹಿಸಿದೆವು. ದೈವಕೃಪೆಯಿಂದ ಚೇತರಿಸಿಕೊಂಡರು.

ವಾರದ ನಂತರ ಮರಳಿ ಬಂದಾಗ ಉಪವಾಸದ ಕಾರಣವನ್ನು ವಿಚಾರಿಸಿದೆವು. ವ್ರತವೇ ಇರಬಹುದೆಂದು ಎಣಿಸಿದ್ದ ನಮಗೆ ಬಂದ ಉತ್ತರ ಬೇರೆಯಾಗಿತ್ತು. “ಡಾಕ್ಟ್ರೇ, ಮೂರು ದಿನ ಹೊಟ್ಟೆ ಖಾಲಿ ಬಿಟ್ರೆ ಮೈಯೇ ಮಂಡಿಯಾಗಿನ ಕೆಟ್ಟದ್ದನ್ನ ತಿಂದು ಹಾಕ್ತದಂತೆ, ಸವೆದಿದ್ದು ತಿರುಗಾ ಬೆಳೀತದಂತೆ. ಮೊಮ್ಮಗ ಮೊಬೈಲಿನಾಗೆ ತೋರಿಸ್ದ. ಜಪಾನಿನೋರು ಕಂಡುಹಿಡಿದು ದೊಡ್ಡ ಬಹುಮಾನ ತಗಂಡವ್ರಂತೆ” ಎಂದರು.

ಆ ತಾಯಿಯ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ ಅವರ ಪ್ರಾಣಕ್ಕೆ ಎರವಾಗುವುದರಲ್ಲಿತ್ತು. ಆ ಬಳಿಕವೂ ಇದೇ ಪ್ರಶ್ನೆಯನ್ನು ಹೊತ್ತು ಹಲವು ಭಕ್ತರು ನಮ್ಮಲ್ಲಿಗೆ ಬಂದಿದ್ದಾರೆ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ, ಕೀಲಿನ ಸವೆತಕ್ಕೂ ಜೀವಕೋಶವು ತನ್ನನ್ನು ತಾನೇ ಶುದ್ಧಿಗೊಳಿಸಿಕೊಳ್ಳುವ ಕ್ರಿಯೆಗೂ ಇರುವ ಸಂಬಂಧವೇನು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಸಾವಧಾನವಾಗಿ ವಿವರಿಸಲು ಬಯಸುತ್ತೇವೆ.

ಮೃದ್ವಸ್ಥಿ ಎಂಬ ಮೆತ್ತೆ

ಎರಡು ಎಲುಬುಗಳು ಕೂಡುವೆಡೆ, ಅವುಗಳ ತುದಿಗಳ ಮೇಲೆ ನುಣುಪಾದ, ಹೊಳಪುಳ್ಳ, ಕೆಲವೇ ಮಿಲಿಮೀಟರು ದಪ್ಪದ ಹೊದಿಕೆಯೊಂದಿದೆ. ಇದೇ ಮೃದ್ವಸ್ಥಿ. ಎಳನೀರಿನ ಎಳೆಯ ಗಂಜಿಗಿಂತ ಬಿರುಸು, ಎಲುಬಿಗಿಂತ ಮೆದು. ಇದರ ತೂಕದ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಭಾಗ ನೀರು. ಆ ನೀರನ್ನು ಹಿಡಿದಿಡುವುದು ಕೊಲಾಜನ್ ಎಂಬ ಗಟ್ಟಿ ನಾರುಗಳ ಬಲೆ ಮತ್ತು ಆ ಬಲೆಯೊಳಗೆ ತುಂಬಿರುವ, ನೀರನ್ನು ಹೀರಿ ಉಬ್ಬುವ ಪದಾರ್ಥ.

ಮೃದ್ವಸ್ಥಿಯ ವಿಶೇಷವೆಂದರೆ ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ಜೀವಕೋಶಗಳು ಬಹಳ ವಿರಳ. ಒಟ್ಟು ಗಾತ್ರದಲ್ಲಿ ನೂರಕ್ಕೆ ಕೆಲವೇ ಪಾಲು. ಪ್ರಾಯದ ನಂತರ ಈ ಕೋಶಗಳು ಒಡೆದು ಇಮ್ಮಡಿಯಾಗುವುದು ಅತಿ ಅಪರೂಪ. ರಕ್ತವಿಲ್ಲದ ಆ ಎಡೆಯಲ್ಲಿ ಅವು ಬದುಕುವುದು ಹೇಗೆ? ನಾವು ಹೆಜ್ಜೆಯೂರಿದಾಗ ಮೃದ್ವಸ್ಥಿ ಒತ್ತಲ್ಪಟ್ಟು ದ್ರವ ಹೊರಬರುತ್ತದೆ. ಹೆಜ್ಜೆಯೆತ್ತಿದಾಗ ಕೀಲಿನೊಳಗಿನ ದ್ರವವನ್ನು ಅದು ಮತ್ತೆ ಹೀರಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿದ ಸ್ಪಂಜನ್ನು ಹಿಂಡಿ ಬಿಟ್ಟಂತೆ. ಈ ಹಿಂಡುವಿಕೆಯೇ ಆ ಕೋಶಗಳಿಗೆ ಅನ್ನ ನೀಡುತ್ತದೆ. ಹೊರಗೆ ಬಂದ ಕಲ್ಮಶವನ್ನು ಒಯ್ಯುವುದೂ ಅದೇ. ಚಲನೆ ನಿಂತರೆ ಈ ಪೋಷಣೆ ಕುಂದುತ್ತದೆ.

ಇನ್ನೊಂದು ಸಂಗತಿಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಳೆದ ಶತಮಾನದ ಮಧ್ಯಭಾಗದಲ್ಲಿ ನಡೆದ ಅಣುಬಾಂಬು ಪರೀಕ್ಷೆಗಳಿಂದ ವಾತಾವರಣದಲ್ಲಿ ಒಂದು ಬಗೆಯ ಇಂಗಾಲ ಹೆಚ್ಚಿತು. ಅದು ಆಹಾರದ ಮೂಲಕ ಎಲ್ಲರ ದೇಹವನ್ನೂ ಸೇರಿತು. ಡೆನ್ಮಾರ್ಕಿನ ಸಂಶೋಧಕರು ಆ ಇಂಗಾಲದ ಗುರುತನ್ನೇ ಹಿಡಿದು, ಮನುಷ್ಯರ ಮಂಡಿಯ ಮೃದ್ವಸ್ಥಿಯಲ್ಲಿರುವ ಕೊಲಾಜನ್ ಯಾವ ವಯಸ್ಸಿನಲ್ಲಿ ತಯಾರಾದದ್ದೆಂದು ಅಳೆದು 2016ರಲ್ಲಿ ಪ್ರಕಟಿಸಿದರು. ಎಳವೆಯಲ್ಲಿ, ಹರೆಯದಲ್ಲಿ ನೆಯ್ದ ಆ ಬಲೆ ಪ್ರಾಯದವರಲ್ಲಿ ಬಹುತೇಕ ಹೊಸದಾಗುವುದೇ ಇಲ್ಲ; ಸವೆತದ ರೋಗವಿದ್ದವರಲ್ಲಿಯೂ ಹೊಸದಾಗಿರಲಿಲ್ಲ. ಅಂದರೆ ಹರಿದ ಬಲೆಯನ್ನು ಮತ್ತೆ ನೆಯ್ಯುವುದು ದೇಹಕ್ಕೆ ಸುಲಭಸಾಧ್ಯವಲ್ಲ. “ಸವೆದದ್ದು ಬೆಳೆಯುತ್ತದೆ” ಎಂದು ಯಾರಾದರೂ ಹೇಳಿದರೆ ಈ ಮಾತನ್ನು ನೆನೆಯಬೇಕು.

ಕೋಶದೊಳಗಿನ ಹೂಳೆತ್ತುವ ಕೆಲಸ

ಬಲೆ ಮರಳಿ ಬಾರದು. ಹಾಗಾದರೆ ಅರವತ್ತು, ಎಪ್ಪತ್ತು ವರ್ಷ ಅದು ಬಾಳುವುದು ಹೇಗೆ? ಅದನ್ನು ಕಾಯುವ ಆ ವಿರಳ ಕೋಶಗಳು ದೀರ್ಘಕಾಲ ಬದುಕುವುದರಿಂದ. ಹಾಗೆ ಬದುಕಲು ಅವುಗಳಿಗೆ ಒಳಗಿನ ಶುದ್ಧಿ ಬೇಕು.

ನಮ್ಮ ಹಿರಿಯೂರು ಸೀಮೆಯವರಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರ ಬಳಿಕ 2022ರಲ್ಲಿ ಕೋಡಿ ಬಿದ್ದುದನ್ನು ನಾವೆಲ್ಲ ಕಣ್ಣಾರೆ ಕಂಡು ಬಾಗಿನ ಅರ್ಪಿಸಿದೆವು. ಆದರೆ ಜಲಾಶಯ ತುಂಬಿದ ಮಾತ್ರಕ್ಕೆ ತೋಟಕ್ಕೆ ನೀರು ಬರುವುದಿಲ್ಲವೆಂಬುದು ರೈತರಿಗೆ ಗೊತ್ತು. ನಾಲೆಯಲ್ಲಿ ಹೂಳು ತುಂಬಿದ್ದರೆ, ಜೊಂಡು ಬೆಳೆದಿದ್ದರೆ ಕೊನೆಯ ಗದ್ದೆ ಒಣಗುತ್ತದೆ. ಹೂಳೆತ್ತುವ ಕೆಲಸ ಆಗಾಗ ನಡೆಯಬೇಕು.

ಜೀವಕೋಶದಲ್ಲಿಯೂ ಹೀಗೆಯೇ. ಕೆಲಸ ಮಾಡಿ ಹಳತಾದ ಸಸಾರಜನಕಗಳು, ಶಕ್ತಿ ಉತ್ಪಾದಿಸುತ್ತಾ ಕೆಟ್ಟುಹೋದ ಮೈಟೊಕಾಂಡ್ರಿಯಗಳು ಒಳಗೆ ಕೂಡಿಕೊಳ್ಳುತ್ತವೆ. ಆಗ ಕೋಶವು ಎರಡು ಪದರದ ಚೀಲವೊಂದನ್ನು ಹೆಣೆದು ಅವನ್ನು ಸುತ್ತುವರಿಯುತ್ತದೆ. ಆ ಚೀಲ ಲೈಸೋಸೋಮ್ ಎಂಬ ಮತ್ತೊಂದು ಚೀಲದೊಡನೆ ಬೆರೆಯುತ್ತದೆ. ಲೈಸೋಸೋಮಿನಲ್ಲಿರುವ ಪಾಚಕಗಳು ಒಳಗಿನದ್ದನ್ನು ಕರಗಿಸಿ ಬಿಡಿಬಿಡಿಯಾಗಿಸುತ್ತವೆ. ಹಾಗೆ ದೊರೆತ ಕಚ್ಚಾವಸ್ತುವನ್ನು ಕೋಶ ಹೊಸದಾಗಿ ಕಟ್ಟಲು ಬಳಸುತ್ತದೆ. ಕಸವೂ ಹೋಯಿತು, ಕಟ್ಟಲು ಸಾಮಗ್ರಿಯೂ ದೊರೆಯಿತು.

ಲೈಸೋಸೋಮನ್ನು ಕಂಡುಹಿಡಿದ ಬೆಲ್ಜಿಯಮ್ಮಿನ ವಿಜ್ಞಾನಿ ಕ್ರಿಶ್ಚಿಯನ್ ದ ದೂವ್ ಅವರು 1963ರಲ್ಲಿ ಈ ಕ್ರಿಯೆಗೆ ‘ಆಟೊಫೇಜಿ’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ತನ್ನನ್ನು ತಾನು ತಿನ್ನುವುದು. ಕನ್ನಡದಲ್ಲಿ ಸ್ವಭಕ್ಷಣೆ ಎನ್ನಬಹುದು. ಇದು ಹೇಗೆ ನಡೆಯುತ್ತದೆ, ಯಾವ ವಂಶವಾಹಿಗಳು ಇದನ್ನು ನಡೆಸುತ್ತವೆ ಎಂಬುದನ್ನು ಜಪಾನಿನ ಯೊಶಿನೊರಿ ಒಸುಮಿ ಅವರು 1990ರ ದಶಕದ ಆರಂಭದಲ್ಲಿ ಯೀಸ್ಟ್ ಎಂಬ ಏಕಕೋಶ ಜೀವಿಯಲ್ಲಿ ತೋರಿಸಿಕೊಟ್ಟರು. ಬ್ರೆಡ್ಡಿನ ಹಿಟ್ಟನ್ನು ಹುದುಗಿಸಲು ಬಳಸುವುದು ಇದೇ ಯೀಸ್ಟು. ಅದಕ್ಕಾಗಿ ಅವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಆ ಪ್ರಯೋಗಗಳಲ್ಲಿ ಯೀಸ್ಟಿಗೆ ಆಹಾರ ಕೊಡದೆ ಬಿಟ್ಟಾಗ ಸ್ವಭಕ್ಷಣೆ ಹೆಚ್ಚಿತು. ಆ ತಾಯಿಯ ಮೊಮ್ಮಗ ತೋರಿಸಿದ ಸಂದೇಶದ ಬೇರು ಇಲ್ಲಿದೆ. ಬಹುಮಾನ ನಿಜ, ಸಂಶೋಧನೆಯೂ ನಿಜ. ಆದರೆ ಅದು ಯೀಸ್ಟಿನ ಮೇಲೆ ನಡೆದ ಪ್ರಯೋಗ. ಸಕ್ಕರೆ ಕಾಯಿಲೆಯಿರುವ ಅಜ್ಜಿಯ ಮಂಡಿಯ ಮೇಲೆ ನಡೆದದ್ದಲ್ಲ.

ಮಂಡಿಯಲ್ಲಿ ಕಂಡದ್ದೇನು

ಹಾಗೆಂದು ಮಂಡಿಗೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. 2010ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯವರು ಮನುಷ್ಯರ ಮತ್ತು ಇಲಿಗಳ ಮೃದ್ವಸ್ಥಿಯನ್ನು ಪರೀಕ್ಷಿಸಿದರು. ಆರೋಗ್ಯವಾದ ಮೃದ್ವಸ್ಥಿಯಲ್ಲಿ ಸ್ವಭಕ್ಷಣೆಯನ್ನು ನಡೆಸುವ ಸಸಾರಜನಕಗಳು ಸಮೃದ್ಧವಾಗಿದ್ದವು. ವಯಸ್ಸಾದಂತೆ, ಸವೆತದ ರೋಗ ತಗುಲಿದಂತೆ ಅವು ಕಡಿಮೆಯಾಗಿದ್ದವು; ಅವು ಕಡಿಮೆಯಾದ ಕಡೆ ಕೋಶಗಳ ಸಾವು ಹೆಚ್ಚಾಗಿತ್ತು. ಎರಡು ವರ್ಷದ ಬಳಿಕ ಅದೇ ತಂಡದವರು, ಸ್ವಭಕ್ಷಣೆಯನ್ನು ಹೆಚ್ಚಿಸುವ ರಾಪಾಮೈಸಿನ್ ಎಂಬ ಔಷಧವನ್ನು ಕೊಟ್ಟಾಗ ಇಲಿಗಳಲ್ಲಿ ಕೀಲಿನ ಹಾನಿ ಕಡಿಮೆಯಾಯಿತೆಂದು ತೋರಿಸಿದರು.

ಒಳಗೆ ನಡೆಯುವುದು ಇಷ್ಟು. ಶುದ್ಧಿ ಕುಂದಿದ ಕೋಶದಲ್ಲಿ ಕೆಟ್ಟ ಮೈಟೊಕಾಂಡ್ರಿಯಗಳು ಉಳಿದು ವಿಷಕಾರಿ ಆಮ್ಲಜನಕದ ಕಣಗಳನ್ನು ಉಗುಳುತ್ತವೆ. ಬಳಲಿದ ಕೋಶ ಒಂದೋ ಸಾಯುತ್ತದೆ, ಇಲ್ಲವೇ ಸುತ್ತಲಿನ ಬಲೆಯನ್ನೇ ಕತ್ತರಿಸುವ ಕಿಣ್ವಗಳನ್ನು ಹೊರಬಿಡುತ್ತದೆ. ಕಾಯಬೇಕಾದವನೇ ಬೇಲಿ ಮುರಿದಂತೆ. ಬಲೆ ಸಡಿಲಗೊಂಡು ಮೃದ್ವಸ್ಥಿ ತೆಳುವಾಗುತ್ತದೆ, ಎಲುಬಿನ ಅಂಚಿನಲ್ಲಿ ಮುಳ್ಳಿನಂತಹ ಬೆಳವಣಿಗೆ ಮೂಡುತ್ತದೆ, ಕೀಲು ಬಾತು ನೋಯುತ್ತದೆ. ಆದಕಾರಣ ‘ಸವೆತ’ ಎಂಬ ಪದ ಅರ್ಧ ಮಾತ್ರ ಸರಿ. ಮಂಡಿ ಗಾಡಿಯ ಅಚ್ಚಿನಂತೆ ಕೇವಲ ಉಜ್ಜಿ ಸವೆಯುವುದಿಲ್ಲ. ಒಳಗಿನ ಕೋಶಗಳ ಆರೋಗ್ಯ ಕೆಟ್ಟು ಕುಸಿಯುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ದುಃಖದ ಸಾಕ್ಷಿಯಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಊರಿನ ಹೆಸರು ಹೊತ್ತ ಕೀಲುರೋಗವು 1970ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂದಿತು. ವಂಶಪಾರಂಪರ್ಯವಾಗಿ ಬರುವ ಆ ರೋಗದಲ್ಲಿ ಹರೆಯದವರ ಸೊಂಟ, ಮಂಡಿಗಳೇ ಹಾಳಾಗುತ್ತವೆ. ಅವರು ವಯಸ್ಸಿನಿಂದ ಸವೆದವರಲ್ಲ. ಎಲುಬು, ಮೃದ್ವಸ್ಥಿ ಬೆಳೆಯುವ ಬಗೆಯಲ್ಲಿಯೇ ಹುಟ್ಟಿನಿಂದ ಬಂದ ದೋಷ ಅವರದು. ಅದು ನಾವು ಹೇಳುತ್ತಿರುವ ರೋಗವಲ್ಲವಾದರೂ, ಕೀಲಿನ ಅಳಿವು ಉಳಿವು ಒಳಗಿನ ಜೀವಂತ ಅಂಗಾಂಶದ ಮೇಲೆ ನಿಂತಿದೆ ಎಂಬುದನ್ನು ಮನಗಾಣಿಸುತ್ತದೆ.

ರಾಪಾಮೈಸಿನ್ ಅನ್ನು ಮಂಡಿನೋವಿಗೆ ಏಕೆ ಕೊಡಬಾರದೆಂದು ಕೇಳುವವರಿದ್ದಾರೆ. ಅದು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ. ಮೂತ್ರಪಿಂಡದ ಕಸಿಯಾದವರಿಗೆ ವೈದ್ಯರ ಕಣ್ಗಾವಲಿನಲ್ಲಿ ಕೊಡುವಂಥದ್ದು. ಇಲಿಗೆ ಒದಗಿದ್ದು ಮನುಷ್ಯನಿಗೂ ಒದಗುವುದೆಂಬ ಭರವಸೆಯಿಲ್ಲ. ಉಪವಾಸದಿಂದ ಮನುಷ್ಯರ ಮಂಡಿಯ ಮೃದ್ವಸ್ಥಿ ಮರಳಿ ಬೆಳೆಯುತ್ತದೆಂಬುದೂ ಸಾಬೀತಾಗಿಲ್ಲ.

ಆಯುರ್ವೇದದ ನುಡಿ

ಹೊಸ ವಿಜ್ಞಾನ ಏನನ್ನು ಕಂಡರೂ “ಇದು ನಮ್ಮ ಋಷಿಗಳಿಗೆ ಮೊದಲೇ ಗೊತ್ತಿತ್ತು” ಎನ್ನುವ ವಾಡಿಕೆ ನಮ್ಮ ವೈದ್ಯಬಂಧುಗಳಲ್ಲಿದೆ. ನಾವು ಹಾಗೆ ಹೇಳಲಾರೆವು. ಚರಕ, ಸುಶ್ರುತರು ಕೋಶವನ್ನು ಕಂಡವರಲ್ಲ, ರೋಗಿಯನ್ನು ಕಂಡವರು. ಆದರೆ ಬಹಳ ಸೂಕ್ಷ್ಮವಾಗಿ ಕಂಡವರು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿ ಸಂಧಿಗತವಾತದ ವರ್ಣನೆಯಿದೆ. ಗಾಳಿ ತುಂಬಿದ ಚರ್ಮದ ಚೀಲವನ್ನು ಮುಟ್ಟಿದಂತೆ ತೋರುವ ಬಾವು, ಮಡಿಸುವಾಗ ಚಾಚುವಾಗ ನೋವು. ಇಂದಿಗೂ ನಮ್ಮ ಬೆರಳಿಗೆ ಸಿಗುವುದು ಅದೇ.

ಉಪವಾಸದ ಪ್ರಶ್ನೆಗೂ ಆಯುರ್ವೇದದಲ್ಲಿ ಸ್ಪಷ್ಟ ಉತ್ತರವಿದೆ. ಕೀಲುನೋವುಗಳಲ್ಲಿ ಆಮವಾತ ಬೇರೆ, ಸಂಧಿಗತವಾತ ಬೇರೆ. ಆಮವಾತದಲ್ಲಿ ಜೀರ್ಣವಾಗದ ಆಮ ಸೇರಿರುವುದರಿಂದ ಮೊದಲ ಚಿಕಿತ್ಸೆ ಲಂಘನ, ಅಂದರೆ ಆಹಾರವನ್ನು ಹಗುರಗೊಳಿಸುವುದು. ಸಂಧಿಗತವಾತದಲ್ಲಿ ವಾತ ಕೆರಳಿ ರೂಕ್ಷತೆ ಹೆಚ್ಚಿರುತ್ತದೆ; ಅಲ್ಲಿ ಸ್ನೇಹನ, ಸ್ವೇದನಗಳು ಮೊದಲು, ಅಂದರೆ ಎಣ್ಣೆ ಮತ್ತು ಶಾಖ. ವೃದ್ಧಾಪ್ಯ ವಾತದ ಕಾಲ. ಅತಿಯಾದ ಲಂಘನ ವಾತವನ್ನು ಮತ್ತಷ್ಟು ಕೆರಳಿಸುತ್ತದೆ. ಮೊದಲೇ ಒಣಗಿದ ದೇಹವನ್ನು ಮೂರು ದಿನ ಬರಿನೀರಿನಲ್ಲಿಡುವುದು ಶಾಸ್ತ್ರಕ್ಕೂ ಸಮ್ಮತವಲ್ಲ.

ನಮ್ಮದೇ ಒಂದು ತಪ್ಪು

ಇಲ್ಲಿ ನಮ್ಮ ತಪ್ಪೊಂದನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಮಂಡಿನೋವೆಂದು ಬಂದವರಿಗೆಲ್ಲ ನಾವು ಹೇಳುತ್ತಿದ್ದುದು ಒಂದೇ: “ನಡೆಯಬೇಡಿ, ಮಂಡಿಗೆ ವಿಶ್ರಾಂತಿ ಕೊಡಿ.” ಈರುಳ್ಳಿ, ಶೇಂಗಾ ಬೆಳೆಯುತ್ತಿದ್ದ ರೈತರೊಬ್ಬರು ನಮ್ಮ ಮಾತನ್ನು ವೇದವಾಕ್ಯವೆಂದು ನಂಬಿ ಹೊಲಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಎರಡು ವರ್ಷದ ಬಳಿಕ ನೋಡಿದಾಗ ತೊಡೆಯ ಸ್ನಾಯು ಬತ್ತಿತ್ತು, ಹೊಟ್ಟೆ ಬೆಳೆದಿತ್ತು, ಮಂಡಿ ಮೊದಲಿಗಿಂತ ಹೆಚ್ಚು ಬಿಗಿದಿತ್ತು. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಅವರ ಬತ್ತಿದ ತೊಡೆಯನ್ನು ನಾವು ಮರೆತಿಲ್ಲ. ಹಿಂಡದ ಸ್ಪಂಜು ಒಣಗುತ್ತದೆ, ದುಡಿಯದ ಸ್ನಾಯು ಕರಗುತ್ತದೆ ಎಂಬುದನ್ನು ನಾವು ಅವರಿಂದ ಕಲಿತೆವು.

ಈಗ ನಾವು ಹೇಳುವುದು ಬೇರೆ. 2012ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಓಡಿಸಿದ ಇಲಿಗಳ ಸ್ನಾಯುಗಳಲ್ಲಿ ಸ್ವಭಕ್ಷಣೆ ಹೆಚ್ಚಿದುದನ್ನು ಕಂಡರು. ಅದು ಇಲಿಯ ಮಾತು. ಮನುಷ್ಯನ ಮೃದ್ವಸ್ಥಿಯಲ್ಲಿ ಹಾಗೆಯೇ ಆಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ವ್ಯಾಯಾಮದಿಂದ ಮನುಷ್ಯರ ಮಂಡಿನೋವು ತಗ್ಗುತ್ತದೆ, ಕಾಲಿನ ಶಕ್ತಿ ಹೆಚ್ಚುತ್ತದೆ ಎಂಬುದು ಅನೇಕ ಪರೀಕ್ಷೆಗಳಿಂದ ದೃಢಪಟ್ಟಿದೆ.

ಮಾಡಬೇಕಾದುದು

ಮೊದಲನೆಯದು ನಡಿಗೆ. ಸಮತಟ್ಟಾದ ದಾರಿಯಲ್ಲಿ, ಮೆತ್ತನೆಯ ಪಾದರಕ್ಷೆ ತೊಟ್ಟು, ಹತ್ತು ನಿಮಿಷದಿಂದ ಆರಂಭಿಸಿ ನಿಧಾನವಾಗಿ ಅರ್ಧ ಗಂಟೆಗೆ ಏರಿಸಬೇಕು. ನಡೆಯುವಾಗ ಸ್ವಲ್ಪ ನೋವು ಸಹಜ. ನಡೆದ ಮರುದಿನ ಬೆಳಗ್ಗೆಯೂ ನೋವು, ಬಾವು ಹೆಚ್ಚಿದ್ದರೆ ಆ ದಿನ ಅಳತೆ ತಗ್ಗಿಸಬೇಕು.

ಎರಡನೆಯದು ತೊಡೆಯ ಬಲ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಹಿಡಿದು, ಇಳಿಸಬೇಕು. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಇದಕ್ಕೆ ಖರ್ಚಿಲ್ಲ.

ಮೂರನೆಯದು ತೂಕ. ದೇಹದ ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಅಳೆದು ನೋಡಿದ್ದಾರೆ. ಸ್ಥೂಲಕಾಯರು ಐದು ಕಿಲೋ ಇಳಿಸಿದರೆ ಇಪ್ಪತ್ತು ಕಿಲೋ ಮೂಟೆಯನ್ನು ಕೆಳಗಿಟ್ಟಂತೆ. ಅತಿಯಾದ ಪೋಷಣೆ ಕೋಶದೊಳಗಿನ ಶುದ್ಧಿಯನ್ನು ತಗ್ಗಿಸುತ್ತದೆಂಬುದೂ ತಿಳಿದ ಸಂಗತಿ. ಆದ್ದರಿಂದ ಉಪವಾಸದ ಬದಲು ಮಿತಾಹಾರ ಲೇಸು. ರಾತ್ರಿಯ ಊಟವನ್ನು ಬೇಗ ಮುಗಿಸಿ ಬೆಳಗಿನವರೆಗೆ ಹೊಟ್ಟೆಗೆ ಬಿಡುವು ಕೊಡುವುದು ನಮ್ಮ ಹಿರಿಯರ ಪದ್ಧತಿಯೇ. ವಯಸ್ಸಾದವರು ಮುದ್ದೆಯ ಗಾತ್ರ ತಗ್ಗಿಸಿದರೂ ಹುರುಳಿ, ಹೆಸರು, ಕಡಲೆ, ಹಾಲು, ಮಜ್ಜಿಗೆಗಳನ್ನು ತಗ್ಗಿಸಬಾರದು. ಸ್ನಾಯು ಉಳಿಯಲು ಅವು ಬೇಕು. ಸಕ್ಕರೆ ಕಾಯಿಲೆಯವರು ವ್ರತವಿರಲಿ, ಬೇರಾವ ಕಾರಣವಿರಲಿ, ಮಾತ್ರೆ ಅಥವಾ ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳದೆ ಊಟ ಬಿಡಕೂಡದು.

ನಾಲ್ಕನೆಯದು ಕುಳಿತುಕೊಳ್ಳುವ ಬಗೆ. ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕಳೆ ಕೀಳುವುದು, ಶೇಂಗಾ ಬಿಡಿಸುವುದು ಮಂಡಿಗೆ ಬಹಳ ಭಾರ. ಒಂದು ಗಿಡ್ಡ ಮಣೆಯನ್ನಾದರೂ ಬಳಸಬೇಕು. ಪದ್ಮಾಸನದಲ್ಲಿ ಕುಳಿತು ಪೂಜೆ ಮಾಡಲಾಗದವರು ಕುರ್ಚಿಯಲ್ಲಿ ಕುಳಿತು ಮಾಡಬಹುದು. ದಾಸೋಹದ ಪಂಕ್ತಿಯಲ್ಲಿ ನೆಲದಲ್ಲಿ ಕುಳಿತುಕೊಳ್ಳಲಾಗದ ಹಿರಿಯರು ಸಂಕೋಚಪಟ್ಟು ಊಟ ಬಿಟ್ಟು ಹೋಗುವುದನ್ನು ಕಂಡಿದ್ದೇವೆ. ಆ ಸಂಕೋಚ ಬೇಡ.

ಐದನೆಯದು ನಮ್ಮ ಜಿಲ್ಲೆಯವರಿಗೇ ಹೇಳಬೇಕಾದ ಮಾತು. ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರೇ ಇಲ್ಲದಾಗ ಒಂದೂವರೆಯವರೆಗೆ ಎಂಬುದು ಭಾರತೀಯ ಮಾನಕ. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಕತ್ತು, ಕೀಲುಗಳು ಬಿಗಿಯುತ್ತವೆ. ಹಲ್ಲಿನ ಮೇಲೆ ಕಂದು ಕಲೆಗಳಿದ್ದು, ಬೆನ್ನು ಬಗ್ಗದಿದ್ದರೆ ಅದನ್ನು ಬರಿಯ ಮಂಡಿಸವೆತವೆಂದು ತಿಳಿಯದೆ ನೀರನ್ನು ಪರೀಕ್ಷೆ ಮಾಡಿಸಬೇಕು.

ಆರನೆಯದು ಔಷಧ. ವೈದ್ಯರ ಸಲಹೆಯಂತೆ ಮಹಾನಾರಾಯಣ ತೈಲದ ಅಭ್ಯಂಗ, ಶಾಖ, ಜಾನುಬಸ್ತಿಗಳಿಂದ ನೋವು ಮತ್ತು ಬಿಗಿತ ತಗ್ಗುವುದನ್ನು ನಾವು ಕಂಡಿದ್ದೇವೆ. ಮೃದ್ವಸ್ಥಿ ಮರಳಿ ಬೆಳೆಯುತ್ತದೆಂದು ನಾವು ಯಾರಿಗೂ ಮಾತು ಕೊಡುವುದಿಲ್ಲ. ಸಂತೆಯಲ್ಲಿ, ಅಂಚೆಯಲ್ಲಿ ಸಿಗುವ ಹೆಸರಿಲ್ಲದ ಪುಡಿಯ ಪೊಟ್ಟಣಗಳನ್ನು ಸೇವಿಸಬೇಡಿ. ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯುಂಟು. ಮಂಡಿ ಕೆಂಪಗೆ, ಬಿಸಿಯಾಗಿ ಬಾತು ಜ್ವರ ಬಂದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಡೆಯಲೇ ಆಗದಷ್ಟು ಕೀಲು ಹಾಳಾದವರಿಗೆ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಒಳ್ಳೆಯ ದಾರಿ. ಆಯುರ್ವೇದ ವೈದ್ಯರಾದ ನಾವೇ ಹಲವರನ್ನು ಅದಕ್ಕೆ ಕಳುಹಿಸಿದ್ದೇವೆ.

ಈಗ ಆ ತಾಯಿಗೆ ಬೆಳಗಿನ ನಡಿಗೆ ರೂಢಿಯಾಗಿದೆ. ಮೊದಲು ಮನೆಯ ಅಂಗಳದವರೆಗೆ, ಬಳಿಕ ಬೀದಿಯ ತುದಿಯವರೆಗೆ, ಈಗ ನಾಲೆಯ ಏರಿಯವರೆಗೆ ಹೋಗಿ ಬರುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಮೊಮ್ಮಗನೇ ಜೊತೆಗೆ ನಡೆಯುತ್ತಾನೆ. ಕಳೆದ ಬಾರಿ ಬಂದಾಗ, “ಮಂಡಿ ಬೆಳೀಲಿಲ್ಲ ಡಾಕ್ಟ್ರೇ, ಆದ್ರೆ ಗ್ವಾಡೆ ಹಿಡೀದಂಗೆ ಎದ್ದೇಳ್ತೀನಿ” ಎಂದರು. ಮಂಡಿನೋವಿರುವ ಓದುಗರೆಲ್ಲರೂ ನಾಳೆಯಿಂದಲೇ, ಹತ್ತು ನಿಮಿಷವಾದರೂ ಸರಿ, ನಡೆಯಲು ಆರಂಭಿಸಲಿ ಎಂಬುದು ನಮ್ಮ ವಿನಂತಿ.